ಆಲು, ಹಾಲು: ಪ್ರಾದೇಶಿಕ ನುಡಿಯ ಬರೆಹದಲ್ಲಿ ಕಾಗುಣಿತದ ಪ್ರಶ್ನೆ

ಸೃಜನಶೀಲ ಲೇಖಕನು ಕಾಗುಣಿತ ವ್ಯಾಕರಣಗಳ ಕಟ್ಟಿಗೆ ಎಷ್ಟರಮಟ್ಟಿಗೆ ಒಳಗಾಗಬೇಕೆಂಬ ಪ್ರಶ್ನೆಗೆ ಅಧ್ಯಾಪಕರು ಒಂದು ಬಗೆಯಾಗಿಯೂ ಕವಿಗಳು ಮತ್ತೊಂದು ಬಗೆಯಾಗಿಯೂ ಉತ್ತರ ಹೇಳುವುದುಂಟು. ಚಾಮರಾಜನಗರದ ಕಡೆಯ ವಿದ್ಯಾರ್ಥಿಗಳು ಬರೆದ ಕಥೆಗಳನ್ನು ತಿದ್ದಲು ಕುಳಿತಾಗ ಈ ಎರಡು ಉತ್ತರಗಳೂ ನಮಗೆ ಸಾಲದಾಗಿವೆ.

ಈ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರ ಬಹುಮಟ್ಟಿಗೆ ಉಳಿದಿಲ್ಲ. ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವ ಕುದೇರಿನಲ್ಲಿಯೂ ರೈತನು ಸಾಕುವುದು 'ಅಸು', ಕರೆಯುವುದು 'ಆಲು'. ಇದನ್ನು ನಾಲಗೆಯ ಸೋಮಾರಿತನವೆಂದು ತಳ್ಳಿಹಾಕುವವರು ಹಳಗನ್ನಡದ 'ಪಾಲ್' ಎಂಬುದೇ ಮುಂದೆ 'ಹಾಲು' ಆದುದನ್ನು ಮರೆಯುತ್ತಾರೆ. ಅಲ್ಲಿ ಪಕಾರವು ಹಕಾರವಾಯಿತು. ಇಲ್ಲಿ ಆ ಹಕಾರವೂ ಲೋಪವಾಯಿತು. ಮೊದಲನೆಯದಕ್ಕೆ ನಿಘಂಟಿನ ಮನ್ನಣೆ ದೊರೆತಿದೆ, ಎರಡನೆಯದಕ್ಕೆ ಕೆಂಪು ಶಾಯಿ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿಯೇ ಇಟ್ಟನು. ಆದರೂ ಆ ಅಕ್ಷರ ಬಳಕೆಯಿಂದ ಜಾರಿತು. ಕನ್ನಡ ಕಾವ್ಯಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ಹಾಗೆಂದು ಬರೆದದ್ದೆಲ್ಲ ಸರಿಯೆನ್ನಲಾಗದು. ಶಿಷ್ಟಭಾಷೆಯ ನಿರೂಪಣೆಯ ನಡುವೆ 'ಹುಡುಗಿ ಆಡಿದಳು' ಎಂದು ಬಂದರೆ, ಆಟವಾಡಿದಳೋ ಹಾಡು ಹೇಳಿದಳೋ ತಿಳಿಯದು. ತಪ್ಪಿನ ಅಂಜಿಕೆಯಿಂದ 'ಆದರೆ' ಎನ್ನುವಲ್ಲಿ 'ಹಾದರೆ' ಎಂದು ಬರೆಯುವವರೂ ಉಂಟು. ಅದು ಊರಿನ ನುಡಿಯೂ ಅಲ್ಲ, ಪುಸ್ತಕದ ನುಡಿಯೂ ಅಲ್ಲ. ಇವನ್ನು ತಿದ್ದಲೇಬೇಕು. ಆದರೆ ಒಂದೇ ಪಾತ್ರವು ಒಂದು ಸಾಲಿನಲ್ಲಿ 'ಅಸು' ಎಂದು, ಮರುಸಾಲಿನಲ್ಲಿ ಕಾರಣವಿಲ್ಲದೆ 'ಹಾಲು' ಎಂದರೆ, ಅಲ್ಲಿ ದೋಷವಿರುವುದು 'ಹಾಲಿ'ನಲ್ಲಿ ಎಂಬುದು ನಮ್ಮ ಮತ. (ಆ ಪಾತ್ರ ಅಧಿಕಾರಿಯೊಬ್ಬನ ಎದುರು ನಿಂತು ಮಾತನಾಡುತ್ತಿದ್ದರೆ ಅದು ಬೇರೆ ವಿಚಾರ.)

ದೇವನೂರ ಮಹಾದೇವರ 'ಕುಸುಮಬಾಲೆ' (1984) ಇಲ್ಲಿ ಪರಿಶೀಲನಾರ್ಹವಾದ ಕೃತಿ. ನಂಜನಗೂಡು, ಚಾಮರಾಜನಗರ ಸೀಮೆಯ ನುಡಿ ಅದರಲ್ಲಿ ಪಾತ್ರಗಳ ಬಾಯಲ್ಲಿ ಮಾತ್ರವಲ್ಲ, ನಿರೂಪಣೆಯಲ್ಲಿಯೂ ಹರಿದಿದೆ. ಅರ್ಥವಾಗದೆಂಬ ದೂರು ಕೇಳಿಬಂದರೂ 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ನಿರೂಪಕನು ಶಿಷ್ಟನಾಗಿದ್ದು ಪಾತ್ರಗಳು ಮಾತ್ರ ಹಕಾರ ಬಿಟ್ಟು ಮಾತನಾಡಿದಾಗ, ಆ ಕಾಗುಣಿತವೇ ನಗೆಯ ಸರಕಾಗುವ ಅಪಾಯವಿದೆ. ನಮ್ಮ ಎಷ್ಟೋ ಪ್ರಹಸನಗಳು ಈ ಬಂಡವಾಳದ ಮೇಲೆಯೇ ಬದುಕಿದವು. 'ಕುಸುಮಬಾಲೆ'ಯಲ್ಲಿ ಓದುಗನಿಗೆ ಮೇಲೆ ನಿಂತು ನಗಲು ಜಾಗವೇ ಇಲ್ಲ. ಇಂತಹ ಬರೆಹದ ಕರಡನ್ನು ತಿದ್ದುವವರು ಅಭ್ಯಾಸಬಲದಿಂದ ಒಂದು ಹಕಾರವನ್ನು ಸೇರಿಸಿದರೂ ನಿರೂಪಕನು ಆ ಊರಿನವನಾಗಿ ಉಳಿಯುವುದಿಲ್ಲ. ಶಿಷ್ಟಕನ್ನಡದ ಲೇಖಕನಿಗೆ ಬೆನ್ನ ಹಿಂದೆ ನಿಘಂಟಿದೆ. ಈ ಲೇಖಕನಿಗೆ ತನ್ನ ಕಿವಿಯ ಹೊರತು ಬೇರೆ ಆಧಾರವಿಲ್ಲವಾದ್ದರಿಂದ ಅವನ ಹೊಣೆಯೇ ಹೆಚ್ಚಿನದು.

ಈಚೆಗೆ ನಾವು ವಿದ್ಯಾರ್ಥಿಯ ಕಥೆಯನ್ನು ತಿದ್ದುವ ಮೊದಲು ಅದರ ಸಂಭಾಷಣೆಗಳನ್ನು ಅವನಿಂದಲೇ ಗಟ್ಟಿಯಾಗಿ ಓದಿಸುತ್ತೇವೆ. 'ಆಲು' ಎಂದು ಓದಿದ ಕಡೆ 'ಹಾಲು' ಎಂದು ಬರೆದಿದ್ದರೆ, ಹೀಗೇಕೆ ಬರೆದೆಯೆಂದು ಕೇಳುತ್ತೇವೆ. ಅಂಕಗಳಿಗಾಗಿ ಎನ್ನುವವರೇ ಹೆಚ್ಚು.