ಯಕ್ಷಗಾನ ವಿಮರ್ಶೆಯಲ್ಲಿ ಸಮದೃಷ್ಟಿ

ಮುಂಬಯಿಯಲ್ಲಿ ಯಕ್ಷಗಾನದ ಆಟವೊಂದು ಮುಗಿದ ಮೇಲೆ ಅದನ್ನು ಕುರಿತು ನಾವು ಬರೆಯುವ ಸಾಲುಗಳಲ್ಲಿ ವಿಮರ್ಶೆಯ ಪಾಲೆಷ್ಟು, ಊರ ನೆನಪಿನ ಪಾಲೆಷ್ಟು ಎಂಬುದನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು. ಚೆಂಡೆಯ ದನಿ ಕಿವಿಗೆ ಬಿದ್ದೊಡನೆ ಹೊರನಾಡ ಕನ್ನಡಿಗನಿಗಾಗುವ ಸಂತೋಷ ನಿಜವಾದುದೇ, ಅದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಆ ಸಂತೋಷವನ್ನೇ ಕಲೆಯ ಗುಣವೆಂದೆಣಿಸಿದಲ್ಲಿ ಉತ್ತಮವಾದ ಆಟಕ್ಕೂ ಸಾಧಾರಣವಾದ ಆಟಕ್ಕೂ ಒಂದೇ ಬಗೆಯ ಹೊಗಳಿಕೆ ಸಲ್ಲುತ್ತದೆ. ವರ್ಷಗಟ್ಟಲೆ ಸಾಧನೆ ಮಾಡಿದ ಕಲಾವಿದನಿಗೆ ಇದು ಅನ್ಯಾಯವೇ ಸರಿ.

ಈ ಕಲೆಯನ್ನು ವಿಚಾರಪೂರ್ವಕವಾಗಿ ಪರೀಕ್ಷಿಸಬೇಕೆಂಬುದಕ್ಕೆ ಶಿವರಾಮ ಕಾರಂತರು ದಾರಿ ಹಾಕಿಕೊಟ್ಟರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮುಂದೆ ತಮ್ಮ ಪ್ರಯೋಗಗಳಲ್ಲಿ ಅವರು ಮಾತನ್ನು ತಗ್ಗಿಸಿದರು. ಪಿಟೀಲು, ಸ್ಯಾಕ್ಸೋಫೋನುಗಳನ್ನು ಹಿಮ್ಮೇಳಕ್ಕೆ ತಂದರು. ಅರ್ಥಗಾರಿಕೆಯೇ ಯಕ್ಷಗಾನದ ಜೀವವೆಂದು ನಂಬಿದವರಿಗೆ ಇದು ಒಪ್ಪಿಗೆಯಾಗದಿರುವುದು ಸಹಜ. ಒಪ್ಪಲಿ, ಬಿಡಲಿ, ಪ್ರಯೋಗದ ಉದ್ದೇಶವನ್ನು ಮೊದಲು ತಿಳಿದು ಅನಂತರ ಗುಣದೋಷಗಳನ್ನು ಹೇಳುವುದು ನ್ಯಾಯ.

ಈ ನ್ಯಾಯ ಮೂರು ಕಡೆಗಳಲ್ಲಿ ತಪ್ಪುತ್ತದೆ. ಒಂದು, ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು. ಬಡಗುತಿಟ್ಟಿನ ಮಂಡಿಕುಣಿತಕ್ಕೆ ಕಣ್ಣು ಒಗ್ಗಿದವನು ತೆಂಕುತಿಟ್ಟಿನ ದಿಗಿಣವನ್ನು ಬರಿಯ ಅಂಗಸಾಧನೆಯೆಂದು ತಳ್ಳಿಬಿಡಬಾರದು. ಇವೆರಡನ್ನೂ ಬಲ್ಲವನಾದರೂ ಬಯಲುಸೀಮೆಯ ಮೂಡಲಪಾಯವನ್ನು ಕರಾವಳಿಯ ಮಾದರಿಯಿಂದ ಅಳೆದು ಒರಟೆನ್ನಬಾರದು. ಎರಡು, ವೇಷಧಾರಿಗೆ ಪುಟವನ್ನೂ ಹಿಮ್ಮೇಳಕ್ಕೆ ಒಂದು ಸಾಲನ್ನೂ ಕೊಡುವುದು. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಗತಿಯನ್ನು ಹೆಚ್ಚಿಸಬೇಕು ಎಂಬುದೆಲ್ಲ ಭಾಗವತನ ವಿವೇಕಕ್ಕೆ ಸೇರಿದುದು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ನಗರದ ಸಭಾಗೃಹದಲ್ಲಿ ಮೂರು ಗಂಟೆಗಳಿಗೆ ಇಳಿಸಿದಾಗಲಂತೂ ಆ ವಿವೇಕವೇ ಆಟದ ಆಧಾರ. ಅದನ್ನು ಕೇಳದ ವಿಮರ್ಶಕನು ಆಟದ ಅರ್ಧವನ್ನು ಮಾತ್ರ ಕಂಡವನು. ಮೂರು, ಸ್ತ್ರೀಯರಿಗೆ ತೋರುವ ರಿಯಾಯಿತಿ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಲೀಲಾವತಿ ಬೈಪಾಡಿತ್ತಾಯರನ್ನು ‘ಹೆಂಗಸಾಗಿಯೂ ಚೆನ್ನಾಗಿ ಹಾಡಿದರು’ ಎಂದು ಮೆಚ್ಚುವುದು ಮೆಚ್ಚುಗೆಯಂತೆ ತೋರಿದರೂ ವಾಸ್ತವವಾಗಿ ಅವಮಾನ. ಶ್ರುತಿ, ಲಯ, ಪ್ರಸಂಗದ ಮೇಲಿನ ಹಿಡಿತ, ಇವೇ ಎಲ್ಲ ಭಾಗವತರಿಗೂ ಸಲ್ಲಬೇಕಾದ ಪರೀಕ್ಷೆಗಳು.

ಹೊರನಾಡಿನ ನಮಗೆ ಇನ್ನೊಂದು ತೊಡಕುಂಟು. ಮೇಳವನ್ನು ಕರೆಯಿಸುವವರು, ಟಿಕೇಟು ಮಾರುವವರು, ಅತಿಥಿಸತ್ಕಾರ ಮಾಡುವವರು, ಕೊನೆಗೆ ಆಟವನ್ನು ಕುರಿತು ಬರೆಯುವವರು, ಎಲ್ಲರೂ ಅನೇಕ ಸಲ ಒಂದೇ ಬಳಗದವರು. ಅತಿಥಿಯ ಎಲೆಯ ಮುಂದೆ ಕುಳಿತು ಅವನ ದೋಷ ಹೇಳುವುದು ಯಾರಿಗೂ ಸುಲಭವಲ್ಲ. ಆದುದರಿಂದ ಕರೆಯಿಸಿದವರು ಬರೆಯದಿರಲಿ. ಬೇರೊಬ್ಬರು ದೊರೆಯದಿದ್ದರೆ ತಮ್ಮ ಸಂಬಂಧವನ್ನು ಮೊದಲ ಸಾಲಿನಲ್ಲಿಯೇ ತಿಳಿಸಲಿ. ದೋಷವನ್ನೆತ್ತಿ ಹೇಳಿದಲ್ಲಿ ಅದು ಯಾವ ಪದ್ಯದಲ್ಲಿ, ಯಾವ ಸನ್ನಿವೇಶದಲ್ಲಿ ಕಂಡಿತೆಂಬುದನ್ನು ತಪ್ಪದೆ ಸೂಚಿಸಲಿ. ಕಲಾವಿದನು ಉತ್ತರ ಕೊಟ್ಟರೆ ಅದಕ್ಕೂ ಅದೇ ಪತ್ರಿಕೆಯಲ್ಲಿ ಸ್ಥಳವಿರಲಿ.

ಸಮದೃಷ್ಟಿಯೆಂದರೆ ಎಲ್ಲರಿಗೂ ಸಮನಾಗಿ ಹೊಗಳಿಕೆ ಹಂಚುವುದಲ್ಲ, ಎಲ್ಲರಿಗೂ ಸಮನಾದ ಗಮನ ಕೊಡುವುದು. ಊರಿನಿಂದ ದೂರವಿರುವ ನಮಗೆ ಅಲ್ಲಿನ ತಿಟ್ಟು, ಮೇಳಗಳ ಪಕ್ಷಪಾತದಿಂದ ಬಿಡಿಸಿಕೊಳ್ಳುವ ಅವಕಾಶ ಹೆಚ್ಚು. ಆ ಅವಕಾಶವನ್ನು ಬಳಸಿಕೊಂಡರೆ ಮುಂಬಯಿಯಲ್ಲಿ ಬರೆದ ವಿಮರ್ಶೆಯೊಂದನ್ನು ಉಡುಪಿಯ, ಹೊನ್ನಾವರದ ಕಲಾವಿದನು ತನ್ನ ಮುಂದಿನ ಆಟಕ್ಕೆ ಉಪಯೋಗವಾದೀತೆಂದು ಓದಿಯಾನು.