ಕದ್ದ ಟೇಪಿನ ರಾಣಿ

ಒಪೆರಾ ಗಾಯಕಿ ಲೇಲಾ ಗೆಂಜೆರ್ ಹುಟ್ಟಿದ್ದು 1928ರಲ್ಲಿ, ಇಸ್ತಾನ್‌ಬುಲ್‌ನಲ್ಲಿ. ತಂದೆ ತುರ್ಕಿಯವರು, ತಾಯಿ ಪೋಲೆಂಡಿನವರು. 1950ರಲ್ಲಿ ಅಂಕಾರಾದಲ್ಲಿ ‘ಕವಲ್ಲೇರಿಯಾ ರುಸ್ತಿಕಾನಾ’ದ ಸಾಂತುತ್ಸಾ ಪಾತ್ರದಿಂದ ರಂಗ ಹತ್ತಿದರು. 1953ರಲ್ಲಿ ಅದೇ ಪಾತ್ರ ಅವರನ್ನು ನೇಪಲ್ಸಿಗೆ ಕರೆತಂದಿತು. 1957ರ ಜನವರಿಯಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಪೂಲಾಂಕನ ಕಾರ್ಮೆಲೈಟ್ ಸನ್ಯಾಸಿನಿಯರ ಒಪೆರಾ ಮೊದಲ ಬಾರಿಗೆ ರಂಗಕ್ಕೆ ಬಂದಾಗ ಮದಾಂ ಲಿದ್ವಾನ್ ಪಾತ್ರ ಹಾಡಿದವರು ಇವರೇ. ಒಟ್ಟು ಎಪ್ಪತ್ತಕ್ಕೂ ಹೆಚ್ಚು ಪಾತ್ರಗಳು ಅವರ ಕಂಠದಲ್ಲಿದ್ದವು. ಇಷ್ಟಿದ್ದರೂ ಒಂದೇ ಒಂದು ದೊಡ್ಡ ರೆಕಾರ್ಡ್ ಕಂಪನಿ ಅವರನ್ನು ಸ್ಟುಡಿಯೊಗೆ ಕರೆದು ಪೂರ್ಣ ಒಪೆರಾ ಹಾಡಿಸಲಿಲ್ಲ.

ಕಾರಣ ಕಂಠದಲ್ಲಿರಲಿಲ್ಲ, ಕರಾರಿನಲ್ಲಿತ್ತು. ಐವತ್ತರ ದಶಕದಲ್ಲಿ ಇಟಲಿಯ ಸೊಪ್ರಾನೊ ಪಾತ್ರಗಳನ್ನು ಎರಡು ಕಂಪನಿಗಳು ಹಂಚಿಕೊಂಡಿದ್ದವು: ಇಎಂಐ ಬಳಿ ಮರಿಯಾ ಕಲ್ಲಾಸ್, ಡೆಕ್ಕಾ ಬಳಿ ರೆನಾತಾ ತೆಬಾಲ್ದಿ. ಅವರ ಕಾಲ ಇಳಿಯುವ ಹೊತ್ತಿಗೆ ಡೆಕ್ಕಾಗೆ ಜೋನ್ ಸದರ್ಲ್ಯಾಂಡ್ ಸಿಕ್ಕಿದ್ದರು. 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಇನ್ನೊಬ್ಬರ ಬದಲಿಗೆ ಬಂದು ‘ಲುಕ್ರೇತ್ಸಿಯಾ ಬೋರ್ಜಿಯಾ’ ಹಾಡಿದ ಮೊಂಟ್ಸೆರಾ ಕಬಯೆ ಒಂದೇ ರಾತ್ರಿಯಲ್ಲಿ ತಾರೆಯಾದರು. ನಡುವೆ ಸಿಕ್ಕಿದ ಗೆಂಜೆರ್ ಯಾವ ಪಟ್ಟಿಗೂ ಸೇರಲಿಲ್ಲ. ರೆಕಾರ್ಡಿನ ಮೇಲೆ ಹೆಸರಿಲ್ಲದ ಗಾಯಕಿಗೆ ವಿಮರ್ಶೆಯಲ್ಲೂ ಜಾಗವಿರಲಿಲ್ಲ. ಸ್ಟುಡಿಯೊ ತಟ್ಟೆಯನ್ನೇ ಪ್ರಮಾಣವೆಂದು ನಂಬಿದ ವಿಮರ್ಶಕ ಪಂಗಡವೊಂದು ಇಂದಿಗೂ ಉಸಿರಾಡುತ್ತಿದೆ. ತಾರಸ್ಥಾಯಿಯ ಸ್ವರ ಜಾರಿದರೆ ಮತ್ತೊಮ್ಮೆ ಹಾಡಿ, ಚೆನ್ನಾಗಿ ಬಂದದ್ದನ್ನು ಕತ್ತರಿಸಿ ಅಂಟಿಸುವ ಕೆಲಸಕ್ಕೆ ಆ ಪಂಗಡ ಇಟ್ಟಿರುವ ಹೆಸರು ‘ಪರಿಪೂರ್ಣತೆ’.

ಗೆಂಜೆರ್ ಉಳಿದದ್ದು ಕಳ್ಳರಿಂದ. ಬಾನುಲಿ ಪ್ರಸಾರವನ್ನು ಮನೆಯಲ್ಲಿ ಕೂತು ಟೇಪಿಗಿಳಿಸಿದವರು, ಕೋಟಿನೊಳಗೆ ಯಂತ್ರ ಬಚ್ಚಿಟ್ಟುಕೊಂಡು ಬಾಲ್ಕನಿಯಲ್ಲಿ ಕೂತವರು, ಅಂಥ ಟೇಪುಗಳನ್ನು ಗ್ರಾಮಫೋನ್ ತಟ್ಟೆಯಾಗಿಸಿ ಅಂಚೆಯಲ್ಲಿ ಮಾರಿದವರು. ಅಮೆರಿಕದ ಎಡ್ವರ್ಡ್ ಜೆ. ಸ್ಮಿತ್ 1956ರಲ್ಲೇ ಚಂದಾದಾರರಿಗಾಗಿ ಇಂಥ ಖಾಸಗಿ ಮಾಲೆಯೊಂದನ್ನು ಶುರುಮಾಡಿದ್ದರು. ಗೆಂಜೆರ್‌ಗೆ ‘ಕಳ್ಳ ಮುದ್ರಣಗಳ ರಾಣಿ’ ಎಂಬ ಬಿರುದು ಅಂಟಿದ್ದು ಹೀಗೆ. ಬೈಠಕ್ಕಿನ ಟೇಪನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ಈ ವ್ಯವಹಾರ ಹೊಸದೆನಿಸದು. ಇಂಥ ಟೇಪಿನಲ್ಲಿ ಕೆಮ್ಮು ಕೇಳುತ್ತದೆ, ರಂಗದ ಹಲಗೆ ಕಿರುಗುಟ್ಟುತ್ತದೆ, ಸಾಲು ನೆನಪಿಸುವವನ ಪಿಸುಮಾತು ಗಾಯಕಿಗಿಂತ ಅರ್ಧ ಕ್ಷಣ ಮೊದಲೇ ಕಿವಿಗೆ ಬೀಳುತ್ತದೆ. ಜಾರಿದ ಸ್ವರ ಜಾರಿದಂತೆಯೇ ಇರುತ್ತದೆ.

ಸಂಯೋಜಕ ದೊನಿತ್ಸೆತ್ತಿಯ ಟ್ಯೂಡರ್ ಕಾಲದ ಮೂರು ರಾಣಿ ಪಾತ್ರಗಳು ಗೆಂಜೆರ್ ಅವರ ಖಾಸಾ ಆಸ್ತಿ. 1957ರಲ್ಲಿ ಕಲ್ಲಾಸ್ ‘ಅನ್ನಾ ಬೊಲೇನಾ’ಕ್ಕೆ ಮರುಜೀವ ಕೊಟ್ಟರು, ಮರುವರ್ಷವೇ ಇಟಲಿಯ ಬಾನುಲಿಗಾಗಿ ಅದೇ ವಾದ್ಯವೃಂದ ನಿರ್ದೇಶಕ ಗವತ್ಸೇನಿಯ ಕೈಕೆಳಗೆ ಗೆಂಜೆರ್ ಅದನ್ನು ಹಾಡಿದರು. 1964ರಲ್ಲಿ ನೇಪಲ್ಸಿನ ಸ್ಯಾನ್ ಕಾರ್ಲೊದಲ್ಲಿ ‘ರೊಬೆರ್ತೊ ದೆವೆರೊ’, 1967ರಲ್ಲಿ ಫ್ಲಾರೆನ್ಸಿನಲ್ಲಿ ‘ಮರಿಯಾ ಸ್ತುವಾರ್ದಾ’. ಅಮೆರಿಕದ ಬೆವರ್ಲಿ ಸಿಲ್ಸ್ ಈ ಮೂವರು ರಾಣಿಯರನ್ನು ನ್ಯೂಯಾರ್ಕಿನ ರಂಗಕ್ಕೆ ತಂದದ್ದು 1970ರಿಂದ 1973ರೊಳಗೆ. ಮೂರನ್ನೂ ಸ್ಟುಡಿಯೊದಲ್ಲಿ ಮುದ್ರಿಸಲಾಯಿತು. ‘ಟೈಮ್’ ಪತ್ರಿಕೆಯ ಮುಖಪುಟವೂ ಸಿಕ್ಕಿತು. ಮೂವರು ರಾಣಿಯರು ಎಂದರೆ ಸಿಲ್ಸ್ ಎಂಬ ರೂಢಿ ಅಲ್ಲಿಂದ ಬಿತ್ತು. ಸಿಲ್ಸ್ ಅವರ ವೇಗದ ಸ್ವರಗುಚ್ಛಗಳು ಹೆಚ್ಚು ಶುದ್ಧ, ಅದರಲ್ಲಿ ತಕರಾರಿಲ್ಲ. ಆದರೆ ಸಿಂಹಾಸನದ ಮೇಲೆ ಕೂತು ಅಭ್ಯಾಸವಿರುವ ಹೆಂಗಸಿನ ದನಿ ಇರುವುದು ಗೆಂಜೆರ್ ಬಳಿ.

‘ಮರಿಯಾ ಸ್ತುವಾರ್ದಾ’ದ ಮುಖಾಮುಖಿಯ ದೃಶ್ಯವನ್ನು ಇಲ್ಲಿ ದಾಟಿ ಹೋಗುವಂತಿಲ್ಲ. ಸ್ಕಾಟ್‌ಲೆಂಡಿನ ಮೇರಿಯೂ ಇಂಗ್ಲೆಂಡಿನ ಎಲಿಜಬೆತ್ತೂ ಜೀವಮಾನದಲ್ಲಿ ಒಮ್ಮೆಯೂ ಮುಖ ನೋಡಿದವರಲ್ಲ. ಜರ್ಮನ್ ನಾಟಕಕಾರ ಶಿಲ್ಲರ್ ಅವರನ್ನು ಎದುರುಬದುರು ನಿಲ್ಲಿಸಿದ; ಬರ್ದಾರಿ ಎಂಬ ಹದಿನೇಳರ ಹುಡುಗ ಅದನ್ನು ದೊನಿತ್ಸೆತ್ತಿಗಾಗಿ ಒಪೆರಾದ ಪಠ್ಯವಾಗಿಸಿದ. 1834ರಲ್ಲಿ ನೇಪಲ್ಸಿನ ತಾಲೀಮಿನಲ್ಲಿ ಈ ದೃಶ್ಯ ಹಾಡುತ್ತಲೇ ಇಬ್ಬರು ಗಾಯಕಿಯರು ನಿಜವಾಗಿಯೂ ಕೈಕೈ ಮಿಲಾಯಿಸಿದರು. ಆಮೇಲೆ ದೊರೆ ಒಪೆರಾವನ್ನೇ ನಿಷೇಧಿಸಿದ. ಮರುವರ್ಷ ಲಾ ಸ್ಕಾಲಾದಲ್ಲಿ ಮರಿಯಾ ಮಲಿಬ್ರಾನ್ ಸೆನ್ಸಾರಿನವರು ತಿದ್ದಿಕೊಟ್ಟ ಮಾತುಗಳನ್ನು ಬದಿಗಿಟ್ಟು ಮೂಲದ ಬೈಗುಳವನ್ನೇ ಹಾಡಿದಳು. ಅಲ್ಲೂ ನಿಷೇಧ ಬಿತ್ತು.

ದೃಶ್ಯ ಹೀಗೆ ಸಾಗುತ್ತದೆ. ಸೆರೆಯಲ್ಲಿರುವ ಮೇರಿ ಉದ್ಯಾನದಲ್ಲಿ ಗಾಳಿಗೆ ಮೈಯೊಡ್ಡಿ ನಿಂತಿದ್ದಾಳೆ. ಬೇಟೆಯ ನೆಪದಲ್ಲಿ ಎಲಿಜಬೆತ್ ಬರುತ್ತಾಳೆ. ಮೇರಿ ಮನಸ್ಸಿಲ್ಲದ ಮನಸ್ಸಿನಿಂದ ಮಂಡಿಯೂರಿ ಕ್ಷಮೆ ಬೇಡುತ್ತಾಳೆ. ಎಲಿಜಬೆತ್ ಅವಳ ಸತ್ತ ಗಂಡನ ಹೆಸರೆತ್ತುತ್ತಾಳೆ, ನಡತೆ ಎತ್ತಿ ಆಡುತ್ತಾಳೆ. ಮಂಡಿಯೂರಿದ್ದವಳು ಎದ್ದು ನಿಂತು, ಆ್ಯನ್ ಬೊಲಿನ್‌ಳ ಮಗಳಾದ ನಿನ್ನಿಂದ ಇಂಗ್ಲೆಂಡಿನ ಸಿಂಹಾಸನಕ್ಕೇ ಮೈಲಿಗೆಯಾಯಿತೆಂದು ಆಡಿ, ಹುಟ್ಟಿನ ಕಳಂಕವನ್ನು ಮುಖಕ್ಕೇ ಎಸೆಯುತ್ತಾಳೆ. ಮರಣದಂಡನೆಗೆ ಅಲ್ಲೇ ಸಹಿ ಬಿದ್ದಂತೆ. ಹೆಚ್ಚಿನ ಸೊಪ್ರಾನೊಗಳು ಇಲ್ಲಿ ಕಿರುಚುತ್ತಾರೆ. ಗೆಂಜೆರ್ ದನಿಯನ್ನು ಎದೆಗೆ ಇಳಿಸಿಕೊಳ್ಳುತ್ತಾರೆ. ಅರ್ಧ ಹಾಡು, ಅರ್ಧ ಮಾತು, ಒಂದೊಂದು ಅಕ್ಷರಕ್ಕೂ ತೂಕ. ಫ್ಲಾರೆನ್ಸಿನಲ್ಲಿ ಎದುರಿಗಿದ್ದವರು ಶರ್ಲಿ ವೆರೆಟ್, ಅಷ್ಟೇ ಗಟ್ಟಿ ಕುಳ.

ದೋಷಗಳು ಇಲ್ಲವೆಂದಲ್ಲ. ಸ್ವರ ಹಿಡಿಯುವಾಗ ಗಂಟಲಲ್ಲಿ ‘ಟಕ್’ ಎಂದು ಏಟು ಬೀಳುವುದು ಗೆಂಜೆರ್ ಅವರ ಗುರುತು. ಕೆಲವರಿಗೆ ಅದು ನಾಟಕ, ಕೆಲವರಿಗೆ ಕಿರಿಕಿರಿ. ಮಂದ್ರಕ್ಕೂ ಮಧ್ಯಕ್ಕೂ ನಡುವಿನ ಬೆಸುಗೆ ಕಾಣಿಸುತ್ತದೆ. ದಣಿದ ರಾತ್ರಿಗಳಲ್ಲಿ ಶ್ರುತಿಯೂ ಅಲುಗುತ್ತದೆ. ಇವೆಲ್ಲಕ್ಕೂ ಎದುರು ತೂಗುವುದು ತಾರಸ್ಥಾಯಿಯ ಪಿಯಾನಿಸ್ಸಿಮೊ. ತುದಿಯ ಸ್ವರವನ್ನು ಎಳೆಯಷ್ಟು ತೆಳುವಾಗಿಸಿ, ಉಸಿರು ಮುಗಿಯಿತೆಂದು ಕೇಳುಗ ಎಣಿಸಿದ ಮೇಲೂ ಹಿಡಿದಿಡುವ ಕಸುಬು ಅದು.

ಕದ್ದ ಟೇಪುಗಳಿಂದ ಉಳಿದವರ ಸಾಲಿನಲ್ಲಿ ಇನ್ನಿಬ್ಬರ ಹೆಸರು ಬಿಡಲಾಗದು. 1958ರ ಜನವರಿ 2ರಂದು ರೋಮಿನಲ್ಲಿ, ರಾಷ್ಟ್ರಾಧ್ಯಕ್ಷರೇ ಸಭೆಯಲ್ಲಿದ್ದಾಗ, ‘ನೋರ್ಮಾ’ದ ಮೊದಲ ಅಂಕ ಮುಗಿಸಿ ಕಲ್ಲಾಸ್ ಹೊರನಡೆದ ಕಥೆ ಎಲ್ಲರಿಗೂ ಗೊತ್ತು. ಎರಡು ದಿನದ ನಂತರ ಆ ಜಾಗದಲ್ಲಿ ನಿಂತವರು ಅನಿತಾ ಚೆರ್ಕ್ವೆತ್ತಿ. ಆಗ ನೇಪಲ್ಸಿನಲ್ಲೂ ಅವರದೇ ‘ನೋರ್ಮಾ’ ನಡೆದಿತ್ತು. ಎರಡು ಊರುಗಳ ನಡುವೆ ಓಡಾಡಿಕೊಂಡು ಎರಡನ್ನೂ ಹಾಡಿದರು. 1961ರಲ್ಲಿ, ಮೂವತ್ತರ ವಯಸ್ಸಿಗೇ, ರಂಗ ಬಿಟ್ಟರು. ಡೆಕ್ಕಾದ ‘ಲಾ ಜೊಕೊಂದಾ’ ಅವರ ಏಕೈಕ ಪೂರ್ಣ ಸ್ಟುಡಿಯೊ ಒಪೆರಾ. ಮಗ್ದಾ ಒಲಿವೇರೊ ತದ್ವಿರುದ್ಧ: ಮದುವೆಯಾಗಿ 1941ರಲ್ಲಿ ಹಾಡು ನಿಲ್ಲಿಸಿ, ತನ್ನ ಒಪೆರಾದ ನಾಯಕಿ ಅದ್ರಿಯಾನಾಳ ಪಾತ್ರದಲ್ಲಿ ಅವರನ್ನು ಮತ್ತೊಮ್ಮೆ ಕೇಳಬೇಕೆಂಬ ಸಂಯೋಜಕ ಚಿಲೇಯಾನ ಒತ್ತಾಯಕ್ಕೆ ಮಣಿದು 1951ರಲ್ಲಿ ಮರಳಿದರು. ಅಷ್ಟರಲ್ಲಿ ಚಿಲೇಯಾ ತೀರಿಕೊಂಡಿದ್ದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಅವರು ಮೊದಲ ಬಾರಿ ‘ತೋಸ್ಕಾ’ ಹಾಡಿದ್ದು 1975ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ. ಬದುಕಿದ್ದು 104 ವರ್ಷ. ಒಲಿವೇರೊ ಅವರಿಗೆ ಒಂದು ಪೂರ್ತಿ ವಾರ ಬೇಕು. ಈ ವಾರ ಗೆಂಜೆರ್‌ದು.

ಹೊಸಬರು 1964ರ ನೇಪಲ್ಸಿನ ‘ರೊಬೆರ್ತೊ ದೆವೆರೊ’ದ ಕೊನೆಯ ದೃಶ್ಯದಿಂದ ಶುರುಮಾಡುವುದು ಒಳ್ಳೆಯದು. ಪ್ರಿಯಕರನನ್ನು ಉಳಿಸಬಲ್ಲ ಉಂಗುರಕ್ಕಾಗಿ ಎಲಿಜಬೆತ್ ಕಾಯುತ್ತಾಳೆ. ಉಂಗುರ ಕೈ ಸೇರಿದ ಮೇಲೆ ತೋಪಿನ ಸದ್ದು; ತಲೆ ಉರುಳಿದೆ. ಮುದುಕಿ ರಾಣಿಗೆ ರುಂಡವಿಲ್ಲದ ದೇಹ ಅರಮನೆಯಲ್ಲಿ ಓಡಾಡಿದಂತೆ ಕಾಣುತ್ತದೆ. ಟೇಪಿನ ಗುಣಮಟ್ಟ ಸುಮಾರು, ವಾದ್ಯಗಳು ದೂರದಿಂದ ಕೇಳುತ್ತವೆ. ಹೆಡ್‌ಫೋನ್ ಹಾಕಿ ಮೊದಲ ಹತ್ತು ನಿಮಿಷ ಸಹಿಸಿಕೊಂಡರೆ ಕಿವಿ ಹೊಂದಿಕೊಳ್ಳುತ್ತದೆ. ಪಠ್ಯವನ್ನು ಮುಂಚೆಯೇ ಓದಿಕೊಂಡಿರಬೇಕು.