ನೀರಿನ ಜಾಡು ಹಿಡಿದು

ಮಿನ್ನೆಸೋಟದಲ್ಲಿ ಕೆರೆಗಳ ಮೇಲಿನ ಹಿಮ ಕರಗಿ ಬೋಟುಗಳು ನೀರಿಗಿಳಿದವೆಂದರೆ ಅಲ್ಲಿನ ಕನ್ನಡ ಗೆಳೆಯರ ಫೋನು ಶುರುವಾಗುತ್ತದೆ. “ಸರ್, ಬೋಟು ಹೀಟ್ ಆಗ್ತಿದೆ. ಹೊಸ ಇಂಪೆಲರ್ ಹಾಕಿಸಿದೆ, ಆದ್ರೂ ಮುಳ್ಳು ಇನ್ನೂರು ದಾಟ್ತಿದೆ.” ಹತ್ತು ಎಕರೆ ಮೀರಿದ ಕೆರೆಗಳೇ 11,842 ಇರುವ ರಾಜ್ಯ ಅದು. 1922ರಲ್ಲಿ ರಾಲ್ಫ್ ಸ್ಯಾಮ್ಯುಯಲ್‌ಸನ್ ಎಂಬ ತರುಣ ವಾಟರ್ ಸ್ಕೀಯಿಂಗ್ ಕಂಡುಹಿಡಿದದ್ದು ಅಲ್ಲಿನ ಪೆಪಿನ್ ಸರೋವರದಲ್ಲಿ. ಅಂಥ ಊರಿನಲ್ಲಿ ನೆಲೆಸಿದವರು ಒಂದು ಹಳೆಯ ಸ್ಟರ್ನ್‌ಡ್ರೈವ್ ಬೋಟು ಕೊಳ್ಳುವುದು ಸಹಜ. ಕೊಂಡ ಮೊದಲ ಬೇಸಿಗೆಯಲ್ಲೇ ಎಂಜಿನ್ನು ಬಿಸಿಯಾಗುವುದೂ ಅಷ್ಟೇ ಸಹಜ.

ಫೋನಿನಲ್ಲಿ ನಾನು ಮೊದಲು ಕೇಳುವುದು ಒಂದೇ: “ನೀರು ಎಲ್ಲಿಯವರೆಗೆ ಬಂತು, ನೋಡಿದ್ರಾ?” ಹೆಚ್ಚಿನವರು ನೋಡಿರುವುದಿಲ್ಲ. ನೀರಿನ ಪಂಪಿನೊಳಗಿನ ಇಂಪೆಲರ್, ಆಮೇಲೆ ಥರ್ಮೋಸ್ಟಾಟ್, ಆಮೇಲೆ ಸರ್ಕ್ಯುಲೇಟಿಂಗ್ ಪಂಪ್ ಅಂತ ಒಂದಾದ ಮೇಲೊಂದು ಬಿಡಿಭಾಗ ಕೊಂಡು ತರುತ್ತಾರೆ. ಅಡಿಕೆ ತೋಟದ ಕೊನೆಯ ಸಾಲಿಗೆ ನೀರು ಬಾರದಿದ್ದರೆ ತೋಟದವನು ಹೊಸ ಪಂಪ್‌ಸೆಟ್ ಕೊಳ್ಳಲು ಪೇಟೆಗೆ ಓಡುವುದಿಲ್ಲ, ಕೆರೆಯ ತೂಬಿನಿಂದ ಹಿಡಿದು ಕಾಲುವೆಯ ಗುಂಟ ನಡೆಯುತ್ತಾನೆ. ಈ ಎಂಜಿನ್ನಿಗೂ ಅದೇ ನಡಿಗೆ ಬೇಕು.

ಸ್ಟರ್ನ್‌ಡ್ರೈವ್ ಎಂದರೆ ಎಂಜಿನ್ನು ಬೋಟಿನ ಒಳಗೆ, ಹಿಂಬದಿಯಲ್ಲಿ ಕೂತಿರುತ್ತದೆ. ಪ್ರೊಪೆಲರ್ ತಿರುಗಿಸುವ ಕಾಲು ಹೊರಗೆ ನೀರಿನಲ್ಲಿ ಇಳಿಬಿದ್ದಿರುತ್ತದೆ. ಮರ್ಕ್ಯುರಿ ಕಂಪನಿ ಬಿಟ್ಟು ಬಂದ ಜಿಮ್ ವಿನ್ ಎಂಬ ಎಂಜಿನಿಯರನ ಕಲ್ಪನೆಯನ್ನು ಸ್ವೀಡನ್ನಿನ ವೋಲ್ವೋ ಪೆಂಟಾ ಕೈಗೆತ್ತಿಕೊಂಡು, 1959ರ ನ್ಯೂಯಾರ್ಕ್ ಬೋಟ್ ಪ್ರದರ್ಶನದಲ್ಲಿ ‘ಅಕ್ವಾಮ್ಯಾಟಿಕ್’ ಹೆಸರಿನಲ್ಲಿ ತೋರಿಸಿತು. ಮರ್ಕ್ಯುರಿಯೂ ಸುಮ್ಮನಿರಲಿಲ್ಲ, 1961ರಲ್ಲಿ ತನ್ನ ಮರ್‌ಕ್ರೂಸರ್ ತಂದಿತು. ಇವತ್ತು ಅಮೆರಿಕದ ಕೆರೆಗಳಲ್ಲಿರುವ ಹಳೆಯ ಬೋಟುಗಳಲ್ಲಿ ಬಹುಪಾಲಿನ ಒಳಗಿರುವುದು ಜನರಲ್ ಮೋಟರ್ಸ್‌ನ ಕಾರು, ಟ್ರಕ್ಕುಗಳ ಎಂಜಿನ್ನೇ. ಆದರೆ ರೇಡಿಯೇಟರ್ ಇಲ್ಲ. ಎಂಜಿನ್ನು ಕೆರೆಯ ನೀರನ್ನೇ ಕುಡಿದು, ಬಿಸಿ ಮಾಡಿ, ಕೆರೆಗೇ ಉಗುಳುತ್ತದೆ.

ಇಲ್ಲಿ ಒಂದು ಕೊರತೆಯಿದೆ, ಅದನ್ನು ನಾನು ಎಂದೂ ಒಪ್ಪಿಕೊಂಡಿಲ್ಲ. ನಮ್ಮ ಕರಾವಳಿಯ ನಾಡದೋಣಿಗಳಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಪಕ್ಕದಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರುತ್ತದೆ. ದೋಣಿಯವನು ಆಗಾಗ ತಿರುಗಿ ನೋಡಿದರೆ ಸಾಕು, ಪಂಪು ಬದುಕಿದೆಯೋ ಇಲ್ಲವೋ ತಿಳಿಯುತ್ತದೆ. ಸ್ಟರ್ನ್‌ಡ್ರೈವ್‌ನಲ್ಲಿ ಆ ಧಾರೆಯಿಲ್ಲ. ಬಳಸಿದ ನೀರು ಹೊಗೆಯೊಂದಿಗೆ ಬೆರೆತು, ಕಾಲಿನೊಳಗೆ ಇಳಿದು, ಸಾಮಾನ್ಯವಾಗಿ ಪ್ರೊಪೆಲರಿನ ನಡುವಿನಿಂದ ನೀರಿನಡಿಯಲ್ಲೇ ಹೊರಹೋಗುತ್ತದೆ. ಚಾಲಕನ ಪಾಲಿಗೆ ಉಳಿಯುವುದು ಡ್ಯಾಶ್‌ಬೋರ್ಡಿನ ಒಂದು ಮುಳ್ಳು ಮಾತ್ರ, ಅದು ಏಳುವ ಹೊತ್ತಿಗೆ ತಡವಾಗಿರುತ್ತದೆ.

ದಾರಿ ಹೀಗಿದೆ. ಕಾಲಿನ ಕೆಳಭಾಗದ ಇಕ್ಕೆಲಗಳ ಕಿಂಡಿಗಳಿಂದ ನೀರು ಒಳಬರುತ್ತದೆ. ಮೇಲೇರಿ ಟ್ರಾನ್ಸಮ್ ಎಂಬ ಹಿಂಗೋಡೆ ದಾಟಿ ಬೋಟಿನೊಳಕ್ಕೆ ಬಂದು, ಸಾಮಾನ್ಯವಾಗಿ ಪವರ್ ಸ್ಟೀರಿಂಗಿನ ಕೂಲರ್ ಹಾಯ್ದು, ಥರ್ಮೋಸ್ಟಾಟಿನ ಗೂಡಿಗೆ ಸೇರುತ್ತದೆ. ಅಲ್ಲಿಂದ ಎಂಜಿನ್ ಬ್ಲಾಕು, ಹೆಡ್ಡು, ಹೊಗೆಯ ಮ್ಯಾನಿಫೋಲ್ಡು. ಕೊನೆಗೆ ಮ್ಯಾನಿಫೋಲ್ಡಿನ ಮೇಲಿನ ರೈಸರ್ ಎಂಬ ಕೊಳವೆಯಲ್ಲಿ ಹೊಗೆಯ ಜೊತೆ ಬೆರೆತು ಹೊರಗೆ. ಕ್ಲೋಸ್ಡ್ ಕೂಲಿಂಗ್ ಇರುವ ಎಂಜಿನ್ನಿನಲ್ಲಿ ಬ್ಲಾಕಿನೊಳಗೆ ಕೂಲೆಂಟ್ ಸುತ್ತುತ್ತದೆ, ಕೆರೆಯ ನೀರು ಹೀಟ್ ಎಕ್ಸ್‌ಚೇಂಜರಿಗೆ ಬಂದು ಹೋಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಇದೇ.

ಪಂಪು ಎಲ್ಲಿದೆ ಎಂಬುದರ ಮೇಲೆ ಇಡೀ ಪತ್ತೇದಾರಿಕೆ ನಿಂತಿದೆ. ಮರ್‌ಕ್ರೂಸರ್ ಆಲ್ಫಾ ಡ್ರೈವ್‌ನಲ್ಲಿ ಪಂಪು ಹೊರಗಿನ ಕಾಲಿನಲ್ಲೇ, ನೀರಿನ ಮಟ್ಟದ ಕೆಳಗಿದೆ. ನೀರನ್ನು ಮೇಲಕ್ಕೆ ತಳ್ಳುತ್ತದೆ. ಬ್ರಾವೋ ಡ್ರೈವ್‌ನಲ್ಲಿ ಪಂಪು ಎಂಜಿನ್ನಿನ ಮುಂಭಾಗದಲ್ಲಿದೆ. ಅಷ್ಟು ದೂರದಿಂದ ನೀರನ್ನು ಹೀರಿಕೊಳ್ಳಬೇಕು. ತಳ್ಳುವ ಕಡೆ ಹೋಸು ತೂತಾದರೆ ನೀರು ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಹೀರುವ ಕಡೆ ತೂತಾದರೆ ಒಂದು ಹನಿಯೂ ಸೋರದೆ ಗಾಳಿ ಒಳಗೆ ಹೋಗುತ್ತದೆ. ಹೀರುವ ಹೋಸಿನ ಒಳಪದರ ಸಡಿಲವಾಗಿದ್ದರೆ ನಿಂತಾಗ ಸರಿಯಾಗಿಯೇ ಇದ್ದು, ವೇಗ ಏರಿದಂತೆ ಒಳಕ್ಕೆ ಕುಸಿದು ದಾರಿ ಮುಚ್ಚುತ್ತದೆ. ಹೊರಗಿನಿಂದ ಕೈಯಾಡಿಸಿದರೆ ಹೋಸು ಹೊಸದರಂತಿರುತ್ತದೆ. ಬ್ರಾವೋ ಇದ್ದವರಿಗೆ ನಾನು ಹೇಳುವುದು: ಥರ್ಮೋಸ್ಟಾಟಿನ ಗೂಡಿಗೆ ಬರುವ ಹೋಸಿನ ಬದಲು, ಪರೀಕ್ಷೆಯ ಮಟ್ಟಿಗೆ, ಒಂದು ತುಂಡು ಗಟ್ಟಿ ಪಾರದರ್ಶಕ ಹೋಸು ಹಾಕಿ ನೋಡಿ. ನೀರಿನಲ್ಲಿ ಗುಳ್ಳೆಗಳು ಸಾಲಾಗಿ ಹರಿಯುತ್ತಿದ್ದರೆ ತಪ್ಪು ಪಂಪಿನ ಹಿಂದೆ, ಹೀರುವ ಕಡೆಯಲ್ಲಿದೆ. ಎಷ್ಟು ಹೊಸ ಥರ್ಮೋಸ್ಟಾಟ್ ಹಾಕಿದರೂ ಅದು ಹೋಗದು.

ಜನ ಅತಿ ಹೆಚ್ಚು ಮೋಸಹೋಗುವುದು ಮನೆಯಂಗಳದಲ್ಲಿ. ಟ್ರೇಲರಿನ ಮೇಲೆ ಬೋಟು ನಿಲ್ಲಿಸಿ, ಕಿಂಡಿಗಳಿಗೆ ಇಯರ್‌ಮಫ್ ಎಂಬ ರಬ್ಬರ್ ಬಟ್ಟಲುಗಳನ್ನು ಕಟ್ಟಿ, ಗಾರ್ಡನ್ ಹೋಸಿನಿಂದ ನೀರು ಕೊಟ್ಟು ಎಂಜಿನ್ ಓಡಿಸುತ್ತಾರೆ. ಮುಳ್ಳು ಅಲುಗದೆ ನಿಲ್ಲುತ್ತದೆ. “ಮನೆಯಲ್ಲಿ ಸರಿಯಿತ್ತು, ಕೆರೆಯಲ್ಲಿ ಹೀಟ್ ಆಯ್ತು” ಎಂಬ ಮಾತು ಹುಟ್ಟುವುದು ಇಲ್ಲಿಂದ. ನಲ್ಲಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತಿರುವಾಗ ಪಂಪಿನ ಸೋಮಾರಿತನ ಬಯಲಾಗುವುದು ಹೇಗೆ? ಪರೀಕ್ಷೆ ಕೆರೆಯಲ್ಲೇ ಆಗಬೇಕು. ಬೋಟನ್ನು ಜೆಟ್ಟಿಗೆ ಕಟ್ಟಿ, ಬ್ಲೋವರ್ ನಾಲ್ಕು ನಿಮಿಷ ಓಡಿಸಿ ಪೆಟ್ರೋಲಿನ ಆವಿ ಹೊರಹಾಕಿ. ಥರ್ಮೋಸ್ಟಾಟಿನ ಗೂಡಿಗೆ ನೀರು ತರುವ ಹೋಸನ್ನು ಬಿಚ್ಚಿ ಬಕೆಟ್ಟಿಗೆ ಬಿಟ್ಟು, ನಿಧಾನಗತಿಯಲ್ಲಿ ಹದಿನೈದೇ ಸೆಕೆಂಡು ಎಂಜಿನ್ ಓಡಿಸಿ ನಿಲ್ಲಿಸಿ. ಬಂದ ನೀರನ್ನು ಅಳೆದು, ನಿಮ್ಮ ಡ್ರೈವಿನ ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಿ. ಈ ಒಂದು ಅಳತೆ ದಾರಿಯನ್ನು ಎರಡು ಭಾಗ ಮಾಡಿಕೊಡುತ್ತದೆ. ನೀರು ಕಡಿಮೆಯಿದ್ದರೆ ಹುಡುಕಾಟ ಕಾಲಿನ ಕಡೆಗೆ, ಸಾಕಷ್ಟಿದ್ದರೆ ಎಂಜಿನ್ನಿನ ಕಡೆಗೆ. ಬಕೆಟ್ ಹಿಡಿಯದೆ ಬಿಡಿಭಾಗದ ಅಂಗಡಿಗೆ ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕಾಲಿನ ಕಡೆ ಮೊದಲು ಕಿಂಡಿಗಳನ್ನು ನೋಡಿ. ಮಿನ್ನೆಟೋಂಕಾದಂಥ ಕೆರೆಗಳಲ್ಲಿ ಮಿಲ್‌ಫಾಯಿಲ್ ಎಂಬ ನೀರುಕಳೆ ಕಿಂಡಿಗೆ ಸುತ್ತಿಕೊಳ್ಳುತ್ತದೆ. ಇಡೀ ಬೇಸಿಗೆ ನೀರಿನಲ್ಲೇ ಕಟ್ಟಿರುವ ಬೋಟಿಗೆ ಜೀಬ್ರಾ ಮಸೆಲ್ ಎಂಬ ಬೆರಳ ಉಗುರಿನಷ್ಟು ಗಾತ್ರದ ಚಿಪ್ಪುಜೀವಿ ಅಂಟುತ್ತದೆ. ಆಮೇಲೆ ಇಂಪೆಲರ್. ಅದು ರಬ್ಬರ್ ರೆಕ್ಕೆಗಳ ಚಕ್ರ, ನೀರೇ ಅದಕ್ಕೆ ಎಣ್ಣೆ. ನೀರಿಲ್ಲದೆ ಓಡಿದರೆ ಕೆಲವೇ ಸೆಕೆಂಡುಗಳಲ್ಲಿ ಸುಡತೊಡಗುತ್ತದೆ. ಚಳಿಗಾಲವಿಡೀ ಒಂದೇ ಭಂಗಿಯಲ್ಲಿ ಬಾಗಿ ನಿಂತ ರೆಕ್ಕೆಗಳು ಮತ್ತೆ ನೆಟ್ಟಗಾಗುವುದಿಲ್ಲ. ಇಂಪೆಲರಿನ ಜೊತೆಗೆ ಅದು ಕೂರುವ ಬಟ್ಟಲನ್ನೂ ನೋಡಿ. ಪ್ಲಾಸ್ಟಿಕ್ ಕರಗಿ ಡೊಂಕಾಗಿದ್ದರೆ, ಗೆರೆ ಬಿದ್ದಿದ್ದರೆ, ಹೊಸ ಇಂಪೆಲರೂ ಅಲ್ಲಿ ಹಳೆಯದರಂತೆಯೇ ದುಡಿಯುತ್ತದೆ.

ಇನ್ನು ಫೋನು ಮಾಡುವವರೆಲ್ಲ ಬಿಟ್ಟುಬಿಡುವ ಕೆಲಸ. ಹಳೆಯ ಇಂಪೆಲರಿನ ರೆಕ್ಕೆಗಳನ್ನು ಎಣಿಸಿದಿರಾ? ಎರಡು ರೆಕ್ಕೆ ಮುರಿದುಹೋಗಿದ್ದರೆ ಆ ಎರಡು ತುಂಡು ಎಲ್ಲಿವೆ? ಅವು ನೀರಿನ ಜೊತೆ ಹೊರಟು, ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತವೆ. ಪವರ್ ಸ್ಟೀರಿಂಗ್ ಕೂಲರಿನ ಬಾಯಲ್ಲಿ ಮೊದಲು ಹುಡುಕಿ. ಅಲ್ಲಿನ ಸಣ್ಣ ಕೊಳವೆಗಳು ಅವುಗಳಿಗೆ ಮೆಚ್ಚಿನ ಜಾಗ. ಆಮೇಲೆ ಥರ್ಮೋಸ್ಟಾಟಿನ ಗೂಡು. ಕ್ಲೋಸ್ಡ್ ಕೂಲಿಂಗ್ ಇದ್ದರೆ ಹೀಟ್ ಎಕ್ಸ್‌ಚೇಂಜರ್. ತುಂಡುಗಳನ್ನು ಮೇಜಿನ ಮೇಲೆ ಹರಡಿ ಹಳೆಯ ಚಕ್ರಕ್ಕೆ ಜೋಡಿಸಿ ನೋಡಿ. ಒಂದು ತುಂಡು ಕಡಿಮೆಯಿದ್ದರೂ ಕೆಲಸ ಮುಗಿದಿಲ್ಲ. ಹೊಸ ಇಂಪೆಲರ್ ಹಾಕಿಯೂ ಹೀಟ್ ಆಗುವ ಬೋಟುಗಳಲ್ಲಿ ನಾನು ಮೊದಲು ಶಂಕಿಸುವುದು ಈ ಕಳೆದುಹೋದ ತುಂಡನ್ನೇ.

ಬಕೆಟ್ಟಿನಲ್ಲಿ ನೀರು ಚೆನ್ನಾಗಿ ಬಂದಿದ್ದರೆ, ಮೊದಲು ಮುಳ್ಳನ್ನೇ ಅನುಮಾನಿಸಿ. ಮುಳ್ಳಿಗೆ ಬಿಸಿಯ ಸುದ್ದಿ ಕಳಿಸುವ ಸೆಂಡರ್ ಕೆಟ್ಟರೂ ಅದರ ವೈರು ಕೆಟ್ಟರೂ ಮುಳ್ಳು ಸುಳ್ಳು ಹೇಳುತ್ತದೆ. ಇನ್ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟಿನ ಗೂಡಿನತ್ತ ಹಿಡಿಯಿರಿ, ಹೊಳೆಯುವ ಲೋಹಕ್ಕಲ್ಲ, ಬಣ್ಣ ಬಳಿದ ಜಾಗಕ್ಕೆ. ಥರ್ಮೋಸ್ಟಾಟ್ ಈ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 160 ಡಿಗ್ರಿ ಫ್ಯಾರನ್‌ಹೀಟಿನದು, ಅಂದರೆ ಸುಮಾರು 71 ಸೆಲ್ಸಿಯಸ್. ಅದನ್ನು ಪಾತ್ರೆಯ ನೀರಿನಲ್ಲಿಟ್ಟು ಒಲೆಯ ಮೇಲೆ ಕಾಯಿಸಿದರೆ ತೆರೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಕಿತ್ತುಹಾಕಿ ಹಾಗೇ ಓಡಿಸಿ ಎನ್ನುವವರ ಮಾತು ಕೇಳಬೇಡಿ. ಸದಾ ತಣ್ಣಗೆ ಓಡುವ ಎಂಜಿನ್ನಿನ ಆಯಿಲ್ಲಿನಲ್ಲಿ ಪೆಟ್ರೋಲೂ ತೇವವೂ ಸೇರುತ್ತವೆ.

ಆಮೇಲೆ ಎರಡು ಕಡೆಯ ಮ್ಯಾನಿಫೋಲ್ಡು, ರೈಸರುಗಳನ್ನು ಅಳೆಯಿರಿ. ವಿ ಆಕಾರದ ಎಂಜಿನ್ನಿನ ದೊಡ್ಡ ಅನುಕೂಲ ಇದು: ಒಂದು ಕಡೆಗೆ ಇನ್ನೊಂದು ಕಡೆ ಸಾಕ್ಷಿ. ಎಡಗಡೆಯದು ಬೆಚ್ಚಗಿದ್ದು ಬಲಗಡೆಯದು ಮುಟ್ಟಲಾರದಷ್ಟು ಸುಡುತ್ತಿದ್ದರೆ ಬಲಗಡೆಯ ದಾರಿ ಕಟ್ಟಿದೆ. ಉಪ್ಪುನೀರಿನಲ್ಲಿ ಓಡಿದ ಬೋಟಾದರೆ ಒಳಗಿನ ಎರಕದ ಕಬ್ಬಿಣ ಪದರ ಪದರವಾಗಿ ತುಕ್ಕೆದ್ದು ದಾರಿ ಮುಚ್ಚಿರುತ್ತದೆ. ಫ್ಲಾರಿಡಾದಿಂದ ಅಗ್ಗಕ್ಕೆ ಬಂದ ಬೋಟು ಕೊಳ್ಳುವವರು ಹಣ ಕೊಡುವ ಮುನ್ನ ರೈಸರ್ ಬಿಚ್ಚಿಸಿ ನೋಡಬೇಕು. ಮಾರುವವನು ಒಪ್ಪದಿದ್ದರೆ ವಾಪಸು ಬನ್ನಿ. ರಬ್ಬರ್ ಸುಟ್ಟ ವಾಸನೆ ಬಂದಿದ್ದರೆ ಹೊಗೆಯ ಹೋಸುಗಳನ್ನೂ ಒಳಗಿನ ಫ್ಲಾಪರ್ ಎಂಬ ರಬ್ಬರ್ ಕದಗಳನ್ನೂ ನೋಡಿ, ಅವು ತಣ್ಣಗಿರುವುದು ಈ ನೀರಿನಿಂದಲೇ. ಎಲ್ಲ ಸರಿಯಿದ್ದೂ ಬಿಸಿಯಾಗುತ್ತಿದ್ದರೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂಬ ಅನುಮಾನದಿಂದ ಮೆಕ್ಯಾನಿಕ್ಕಿನ ಬಳಿಗೆ ಹೋಗಿ.

ಅಕ್ಟೋಬರಿನಲ್ಲಿ ಬೋಟು ಒಳಗಿಡುವಾಗ ಇನ್ನೊಂದು ಕೆಲಸವಿದೆ. ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿದಾಗ ನೀರು ಬಾರದಿದ್ದರೆ ಒಳಗೆ ಖಾಲಿಯೆಂದು ತಿಳಿಯಬೇಡಿ. ತುಕ್ಕು, ಮರಳು ತೂತಿಗೆ ಅಡ್ಡ ಕೂತಿರುತ್ತವೆ. ಗಟ್ಟಿ ತಂತಿಯಿಂದ ಚುಚ್ಚಿ, ನೀರು ಹೊರಬರುವವರೆಗೆ ಚುಚ್ಚುತ್ತಲೇ ಇರಿ. ಮಿನ್ನೆಸೋಟದ ಚಳಿಯಲ್ಲಿ ಒಳಗುಳಿದ ನೀರು ಮಂಜುಗಟ್ಟಿ ಹಿಗ್ಗಿ ಬ್ಲಾಕನ್ನೇ ಸೀಳುತ್ತದೆ, ಅದು ಗೊತ್ತಾಗುವುದು ಮುಂದಿನ ಮೇ ತಿಂಗಳಲ್ಲಿ. ಇಂಪೆಲರನ್ನೂ ಆಗಲೇ ತೆಗೆದಿಟ್ಟು, ವಸಂತಕ್ಕೆ ಹೊಸದು ಹಾಕಿ.